ಹಳೆಯ ಎಲ್‌ಪಿ ಆಗ ಎಷ್ಟಕ್ಕೆ ಸಿಗುತ್ತಿತ್ತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಚೆಯಲ್ಲಿ ಅಮೆರಿಕದ ಹಳೆಯ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಗ್ರಾಮಫೋನ್ ಪ್ಲೇಟುಗಳ ಬೆಲೆಯ ಪ್ರಶ್ನೆಗಳೇ ಹೆಚ್ಚು. ಅಲ್ಲಿ ನೆಲೆಸಿದ ಮಕ್ಕಳು ರಜೆಗೆ ಬರುವಾಗ ಬಟ್ಟೆಗಳ ನಡುವೆ ಇಟ್ಟು ತಂದ ಪ್ಲೇಟುಗಳು ಇಲ್ಲಿಯ ಎಷ್ಟೋ ಮನೆಗಳಲ್ಲಿ ಸೇರಿಕೊಂಡಿವೆ. ಹಾಗಾಗಿ ಬೆಲೆಯ ಪ್ರಶ್ನೆಗಳನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದಲ್ಲಿ ಎಲ್‌ಪಿಗೆ ನಾಲ್ಕು ಡಾಲರ್ ಇತ್ತು ಎಂದು ಒಬ್ಬರು ಹೇಳಿದರೆ, ಒಂಬತ್ತು ಇತ್ತು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? (ಮೈಸೂರಿನ ಓದುಗರು)

ಉತ್ತರ: ಎರಡೂ ಸರಿ, ಕಾಲ ಬೇರೆ ಅಷ್ಟೇ. ಕೊಲಂಬಿಯಾ ಕಂಪನಿ 1948ರ ಜೂನ್‌ನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ಪತ್ರಕರ್ತರ ಮುಂದಿಟ್ಟಿತು. 12 ಇಂಚಿನ ಶಾಸ್ತ್ರೀಯ ಸಂಗೀತದ ಪ್ಲೇಟಿಗೆ 4.85 ಡಾಲರ್, 10 ಇಂಚಿನ ಜನಪ್ರಿಯ ಹಾಡುಗಳದ್ದಕ್ಕೆ 2.85. ಅದನ್ನು ನುಡಿಸಲು ಮನೆಯಲ್ಲಿದ್ದ ರೇಡಿಯೊಗೆ ಜೋಡಿಸುವ ಫಿಲ್ಕೊ ಪ್ಲೇಯರ್ ಬೇಕಿತ್ತು, ಅದಕ್ಕೆ ಬೇರೆ 29.95. ಇಷ್ಟಾದರೂ ಲೆಕ್ಕ ಹಾಕಿದವರಿಗೆ ಎಲ್‌ಪಿ ಅಗ್ಗವೇ. ಹಿಂದಿನ 78ರ ಪ್ಲೇಟಿನಲ್ಲಿ (ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು) ಒಂದು ಮಗ್ಗುಲು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ಮುಕ್ಕಾಲು ಗಂಟೆಯ ಒಂದು ಸಿಂಫನಿ ಕೇಳಬೇಕಾದರೆ ಐದು ಪ್ಲೇಟು ಕೊಂಡು, ಒಂಬತ್ತು ಸಲ ಎದ್ದು ಹೋಗಿ ಮಗ್ಗುಲು ಬದಲಿಸಬೇಕಿತ್ತು.

1950ರ ದಶಕದ ಮೊದಲ ವರ್ಷಗಳಲ್ಲಿ ಬೆಲೆ 5.95ರವರೆಗೆ ಏರಿತ್ತು. 1955ರ ಜನವರಿಯಲ್ಲಿ ಆರ್‌ಸಿಎ ವಿಕ್ಟರ್ ತನ್ನ 12 ಇಂಚಿನ ಪ್ಲೇಟನ್ನು ಒಮ್ಮೆಗೇ 3.98ಕ್ಕೆ ಇಳಿಸಿತು. ಉಳಿದ ಕಂಪನಿಗಳೂ ಇಳಿಸದೆ ವಿಧಿ ಇರಲಿಲ್ಲ. 12 ಇಂಚಿನದೇ ಇಷ್ಟು ಅಗ್ಗವಾದ ಮೇಲೆ 10 ಇಂಚಿನ ಎಲ್‌ಪಿಯನ್ನು ಕೇಳುವವರು ಕಡಿಮೆಯಾಗಿ, ಕೆಲವೇ ವರ್ಷಗಳಲ್ಲಿ ಅದು ಮಾಯವಾಯಿತು. ಜನಪ್ರಿಯ ಹಾಡುಗಳ ಮೊನೊ (ಎರಡೂ ಕಡೆ ಒಂದೇ ಧ್ವನಿ ಬರುವ) ಪ್ಲೇಟು ಹೆಚ್ಚುಕಡಿಮೆ ಹತ್ತು ವರ್ಷ ನಾಲ್ಕು ಡಾಲರಿನ ಆಸುಪಾಸಿನಲ್ಲೇ ನಿಂತಿತು. ಆಮೇಲೆ 4.98, 1970ರ ದಶಕದ ಆರಂಭಕ್ಕೆ 5.98, 1974ರ ಹೊತ್ತಿಗೆ 6.98, 1977ರ ಹೊತ್ತಿಗೆ 7.98, 1980ಕ್ಕೆ 8.98. ನಿಮಗೆ ನಾಲ್ಕು ಎಂದವರು 1960ನ್ನು ನೆನೆದಿರಬೇಕು, ಒಂಬತ್ತು ಎಂದವರು 1980ನ್ನು.

ಪ್ರಶ್ನೆ: ನನ್ನ ಬಳಿ ಇರುವ 1960ರ ದಶಕದ ಪ್ಲೇಟಿನ ಮೇಲೆ 2.99ರ ಚೀಟಿ ಇದೆ. ನೀವು ಹೇಳುವ ಬೆಲೆಗೆ ಇದು ಹೊಂದುವುದಿಲ್ಲವಲ್ಲ? (ಶಿವಮೊಗ್ಗದ ಓದುಗರು)

ಉತ್ತರ: ಮೇಲೆ ಕೊಟ್ಟವು ಕಂಪನಿ ಸೂಚಿಸಿದ ಬೆಲೆಗಳು. ಅದೇ ಬೆಲೆಗೆ ಮಾರಲೇಬೇಕು ಎಂಬ ಕಟ್ಟುಪಾಡು ಅಂಗಡಿಗೆ ಇರಲಿಲ್ಲ. ಆ ಕಾಲದಲ್ಲಿ ಅಂಗಡಿಗೆ ಪ್ಲೇಟು ಸಾಮಾನ್ಯವಾಗಿ ಸೂಚಿತ ಬೆಲೆಗಿಂತ ನೂರಕ್ಕೆ 38ರಷ್ಟು ಕಡಿಮೆಗೆ ಸಿಗುತ್ತಿತ್ತು. 3.98ರ ಪ್ಲೇಟಿನ ಅಸಲು 2.47. ಅದನ್ನು 2.99ಕ್ಕೆ ಮಾರಿದರೆ ಅಂಗಡಿಯವನಿಗೆ ಉಳಿಯುವುದು 52 ಸೆಂಟ್, ಬಾಡಿಗೆ ಮತ್ತು ಆಳುಗಳ ಸಂಬಳ ಅದರಲ್ಲೇ ಹೋಗಬೇಕು. ದೊಡ್ಡ ಊರುಗಳಲ್ಲಿ ರಾಶಿ ವ್ಯಾಪಾರ ಮಾಡುವವರಿಗೆ ಮಾತ್ರ ಇದು ಗಿಟ್ಟುತ್ತಿತ್ತು. ನ್ಯೂಯಾರ್ಕಿನ ಸ್ಯಾಮ್ ಗುಡಿ ಅಂಗಡಿ ಹೆಸರು ಮಾಡಿದ್ದೇ ಇಂಥ ರಿಯಾಯಿತಿ ಮಾರಾಟದಿಂದ. ಸಣ್ಣ ಊರಿನಲ್ಲಿ, ಪಿಯಾನೊ ಮತ್ತು ರೇಡಿಯೊ ಜೊತೆ ನಾಲ್ಕು ಪ್ಲೇಟು ಇಟ್ಟುಕೊಂಡ ಅಂಗಡಿಯಲ್ಲಿ, ಅದೇ ಪ್ಲೇಟಿಗೆ ಪೂರ್ತಿ 3.98 ಕೊಡಬೇಕಾಗುತ್ತಿತ್ತು.

ಇನ್ನೊಂದು ವಿಷಯ. ಅಲ್ಲಿ ಚೀಟಿಯ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದನ್ನು ಗಲ್ಲಾದಲ್ಲಿ ಬೇರೆಯಾಗಿ ಸೇರಿಸುತ್ತಾರೆ, ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಪ್ರಶ್ನೆ: ಚೀಟಿ ಇಲ್ಲದ ಪ್ಲೇಟಿನ ಮೂಲ ಬೆಲೆ ಕಂಡುಹಿಡಿಯುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಕವರಿನ ಬೆನ್ನು, ಅಂದರೆ ಕಪಾಟಿನಲ್ಲಿ ನಿಲ್ಲಿಸಿದಾಗ ಕಾಣುವ ತೆಳು ಅಂಚು ನೋಡಿ. ಕೊಲಂಬಿಯಾ ಪ್ಲೇಟಾದರೆ ಸಂಖ್ಯೆಗೆ ಮೊದಲು ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. 1970ರ ದಶಕದಲ್ಲಿ ಇವುಗಳಲ್ಲಿ ಮೊದಲನೆಯದು ಬೆಲೆಯ ಗುರುತು, ಎರಡನೆಯದು ಲೇಬಲ್ಲಿನ ಗುರುತು. ಕೆಸಿ ಎಂದರೆ 5.98, ಪಿಸಿ ಎಂದರೆ 6.98, ಜೆಸಿ 7.98, ಎಫ್‌ಸಿ 8.98. ಅದೇ ಸಂಸ್ಥೆಯ ಎಪಿಕ್ ಲೇಬಲ್ಲಿನಲ್ಲಿ ‘ಸಿ’ ಬದಲು ‘ಇ’ ಬರುತ್ತದೆ: ಕೆಇ, ಪಿಇ, ಜೆಇ, ಎಫ್‌ಇ. ಎರಡನೆಯ ಅಕ್ಷರ ‘ಜಿ’ ಆಗಿದ್ದರೆ ಅದು ಎರಡು ಪ್ಲೇಟುಗಳ ಜೋಡಿ, ಅದಕ್ಕೆ ಈ ಬೆಲೆಗಳನ್ನು ಹಚ್ಚಬೇಡಿ.

ಒಂದು ಉದಾಹರಣೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1975ರ ‘ಬಾರ್ನ್ ಟು ರನ್’ ಮೊದಲು ಬಂದಾಗ ಬೆನ್ನಿನ ಮೇಲೆ ಪಿಸಿ 33795 ಎಂದಿತ್ತು. ಕಂಪನಿ ಬೆಲೆ ಏರಿಸಿದ ಮೇಲೆ ಅದೇ ಪ್ಲೇಟು ಜೆಸಿ 33795 ಆಯಿತು. ಸಂಖ್ಯೆ ಬದಲಾಗಲಿಲ್ಲ, ಅಕ್ಷರ ಮಾತ್ರ ಬದಲಾಯಿತು. ಹಾಗಾಗಿ ಇವು ಬೆಲೆಯ ಜೊತೆಗೆ ಕಾಲವನ್ನೂ ಹೇಳುತ್ತವೆ. ಜೆಸಿ ಇರುವ ಪ್ಲೇಟನ್ನು ಯಾರಾದರೂ ‘1975ರ ಮೊದಲ ಮುದ್ರಣ’ ಎಂದು ಮಾರಲು ಬಂದರೆ ನಂಬಬೇಡಿ.

ಇಲ್ಲಿ ಎಡವುವ ಜಾಗವೂ ಒಂದಿದೆ. 1980ರ ದಶಕದಲ್ಲಿ ಕೊಲಂಬಿಯಾ ತನ್ನ ಹಳೆಯ ಪ್ಲೇಟುಗಳನ್ನು ಅಗ್ಗದ ಸಾಲಿನಲ್ಲಿ ಮತ್ತೆ ಒತ್ತಿಸಿತು, ಅವುಗಳಿಗೂ ಪಿಸಿ ಎಂಬ ಅಕ್ಷರಗಳನ್ನೇ ಕೊಟ್ಟಿತು. ಬೇರ್ಪಡಿಸಲು ಹಿಂಬದಿಯಲ್ಲಿ ಬಾರ್‌ಕೋಡ್ ಹುಡುಕಿ. ಎಲ್‌ಪಿ ಕವರಿನ ಮೇಲೆ ಬಾರ್‌ಕೋಡ್ ಬಂದದ್ದು 1979-80ರ ಸುಮಾರಿಗೆ. ಪಿಸಿಯೂ ಇದ್ದು ಬಾರ್‌ಕೋಡೂ ಅಚ್ಚಾಗಿದ್ದರೆ ಅದು ನಂತರದ ಮುದ್ರಣ. ಕವರು ಒಂದು ಕಾಲದ್ದು, ಒಳಗಿನ ಪ್ಲೇಟು ಇನ್ನೊಂದು ಕಾಲದ್ದು ಆಗಿರುವುದೂ ಉಂಟು. ಆದ್ದರಿಂದ ನಡುವಿನ ಲೇಬಲ್ಲಿನ ಮೇಲಿರುವ ಅಕ್ಷರಗಳನ್ನೂ ತಾಳೆ ನೋಡಿ.

ಪ್ರಶ್ನೆ: ಆಗಿನ ನಾಲ್ಕು ಡಾಲರ್ ಈಗಿನ ಎಷ್ಟಕ್ಕೆ ಸಮ? ಲೆಕ್ಕ ಮಾಡುವ ಕ್ರಮ ತಿಳಿಸಿ. (ಉಡುಪಿಯ ಓದುಗರು)

ಉತ್ತರ: ಎರಡು ಕ್ರಮಗಳಿವೆ, ಎರಡನ್ನೂ ಮಾಡಿ ನೋಡಬೇಕು. ಮೊದಲನೆಯದು ಅಮೆರಿಕ ಸರಕಾರದ ಗ್ರಾಹಕ ಬೆಲೆ ಸೂಚ್ಯಂಕ. ವಾರ್ಷಿಕ ಸರಾಸರಿ 1948ರಲ್ಲಿ 24.1, 1955ರಲ್ಲಿ 26.8, 1967ರಲ್ಲಿ 33.4, 1975ರಲ್ಲಿ 53.8, 1981ರಲ್ಲಿ 90.9, 2024ರಲ್ಲಿ 313.7. ಹಳೆಯ ಬೆಲೆಯನ್ನು 313.7ರಿಂದ ಗುಣಿಸಿ, ಆ ವರ್ಷದ ಅಂಕಿಯಿಂದ ಭಾಗಿಸಿ. 1948ರ 4.85 ಡಾಲರ್ ಸುಮಾರು 63 ಡಾಲರ್ ಆಗುತ್ತದೆ. 1955ರ 3.98 ಸುಮಾರು 47. 1975ರ 6.98 ಸುಮಾರು 41. 1981ರ 8.98 ಬರೀ 31.

ಅಂದರೆ ಕವರಿನ ಮೇಲಿನ ಅಂಕಿ ಏರುತ್ತಾ ಹೋದರೂ ಪ್ಲೇಟು ನಿಜವಾಗಿ ಅಗ್ಗವಾಗುತ್ತಾ ಬಂತು. ‘ಆಗ ಮೂರು-ನಾಲ್ಕು ಡಾಲರಿಗೆ ಸಿಗುತ್ತಿತ್ತು, ಈಗ ಮೂವತ್ತು ಕೇಳುತ್ತಾರೆ’ ಎಂದು ಹಲುಬುವವರು ಈ ಗುಣಾಕಾರ ಭಾಗಾಕಾರ ಮಾಡಿರುವುದಿಲ್ಲ.

ಎರಡನೆಯದು ದುಡಿಮೆಯ ಲೆಕ್ಕ. ನಮಗೆ ಇದರ ಮೇಲೇ ಹೆಚ್ಚು ಭರವಸೆ. ಅಲ್ಲಿ ಗಂಟೆಗೆ ಕನಿಷ್ಠ ಕೂಲಿ 1948ರಲ್ಲಿ 40 ಸೆಂಟ್. 4.85ರ ಪ್ಲೇಟಿಗೆ 12 ಗಂಟೆ ದುಡಿಯಬೇಕು, ಒಂದೂವರೆ ದಿನದ ಕೆಲಸ! 1955ರಲ್ಲಿ ಕೂಲಿ 75 ಸೆಂಟ್, ಪ್ಲೇಟಿಗೆ ಐದು ಗಂಟೆ ಇಪ್ಪತ್ತು ನಿಮಿಷ. 1975ರಲ್ಲಿ 2.10 ಡಾಲರ್, ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ. 1981ರಲ್ಲಿ 3.35, ಮೂರು ಗಂಟೆಗೂ ಕಡಿಮೆ. ಈಗ ಅಲ್ಲಿಯ ಕೇಂದ್ರ ಸರಕಾರದ ಕನಿಷ್ಠ ಕೂಲಿ 7.25, ಹೊಸ ಎಲ್‌ಪಿಗೆ 30 ಡಾಲರ್ ಹಿಡಿದರೆ ನಾಲ್ಕು ಗಂಟೆಯ ಮೇಲೆ. ಕೂಲಿಯವನ ಕಡೆಯಿಂದ ನೋಡಿದರೆ ಪ್ಲೇಟು ಅತ್ಯಂತ ಅಗ್ಗವಾಗಿದ್ದ ಕಾಲ 1980ರ ಆಸುಪಾಸು. ಸೂಚ್ಯಂಕದ ಲೆಕ್ಕದಲ್ಲಿ 1981ರ ಬೆಲೆಯೂ ಈಗಿನ ಬೆಲೆಯೂ ಒಂದೇ ಎಂಬಂತೆ ಕಾಣುತ್ತದೆ. ದುಡಿಮೆಯ ಲೆಕ್ಕ ಹಾಕಿದಾಗಲೇ ವ್ಯತ್ಯಾಸ ಎದ್ದು ಕಾಣುವುದು.

ಪ್ರಶ್ನೆ: ಒಂದೇ ಹಾಡುಗಳ ಮೊನೊ ಪ್ಲೇಟಿಗೆ ಒಂದು ಬೆಲೆ, ಸ್ಟೀರಿಯೊಗೆ ಇನ್ನೊಂದು ಬೆಲೆ ಇತ್ತೇ? (ಬೆಳಗಾವಿಯ ಓದುಗರು)

ಉತ್ತರ: ಇತ್ತು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ ಕೊಡುವ ಸ್ಟೀರಿಯೊ ಎಲ್‌ಪಿ 1958ರಲ್ಲಿ ಬಂತು, ಮೊನೊಗಿಂತ ಒಂದು ಡಾಲರ್ ಜಾಸ್ತಿ: 3.98ಕ್ಕೆ ಪ್ರತಿಯಾಗಿ 4.98. ಪ್ರತಿ ಪ್ಲೇಟನ್ನೂ ಎರಡೆರಡು ಬಗೆಯಲ್ಲಿ ದಾಸ್ತಾನು ಇಡುವುದು ಅಂಗಡಿಗಳಿಗೆ ತಲೆನೋವು. ಕಂಪನಿಗಳು 1967ರಲ್ಲಿ ಸ್ಟೀರಿಯೊವನ್ನು ಇಳಿಸುವ ಬದಲು ಮೊನೊದ ಬೆಲೆಯನ್ನೇ ಏರಿಸಿ ಎರಡನ್ನೂ ಸಮ ಮಾಡಿದವು. ಬೆಲೆ ಒಂದೇ ಆದಮೇಲೆ ಮೊನೊ ಕೊಳ್ಳುವವರು ಯಾರು? 1968ರ ಹೊತ್ತಿಗೆ ಹೊಸ ಮೊನೊ ಪ್ಲೇಟು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆ ಕೊನೆಯ ಒಂದೆರಡು ವರ್ಷಗಳ ಮೊನೊ ಪ್ಲೇಟುಗಳು ಕಡಿಮೆ ಸಂಖ್ಯೆಯಲ್ಲಿ ಅಚ್ಚಾದದ್ದರಿಂದ ಸಂಗ್ರಾಹಕರು ಈಗ ಅವಕ್ಕೆ ಹೆಚ್ಚು ಹಣ ಕೊಡುತ್ತಾರೆ.

ಹಳೆಯ ಮೊನೊ ಧ್ವನಿಮುದ್ರಣವನ್ನೇ ಯಂತ್ರದಲ್ಲಿ ಎರಡಾಗಿ ಸೀಳಿ, ಒಂದು ಕಡೆಗೆ ಮಂದ್ರ, ಇನ್ನೊಂದು ಕಡೆಗೆ ತಾರ ಹೆಚ್ಚಿಸಿ ‘ಸ್ಟೀರಿಯೊಗೆ ಪರಿವರ್ತಿಸಿದ್ದು’ ಎಂದು ಮಾರಿದ್ದೂ ಉಂಟು. ಅದಕ್ಕೂ ಜನರಿಂದ ಆ ಹೆಚ್ಚಿನ ಡಾಲರ್ ಕಿತ್ತುಕೊಂಡರು. ಕೇಳಲು ಅವು ಮೂಲದಷ್ಟು ಚೆನ್ನಾಗಿಲ್ಲ. ಕವರಿನ ಮೇಲೆ ಅಂಥ ಮಾತು ಕಂಡರೆ, ಸಾಧ್ಯವಾದರೆ ಮೊನೊ ಪ್ರತಿಯನ್ನೇ ಹುಡುಕಿ.

ಪ್ರಶ್ನೆ: ಬೆಲೆ ಏರಿಕೆಯನ್ನು ಗಾಯಕರು ಯಾರಾದರೂ ವಿರೋಧಿಸಿದ್ದರೇ? (ತುಮಕೂರಿನ ಓದುಗರು)

ಉತ್ತರ: ಟಾಮ್ ಪೆಟ್ಟಿ. ಎಂಸಿಎ ಕಂಪನಿ 1980ರಲ್ಲಿ ಸ್ಟೀಲಿ ಡ್ಯಾನ್ ತಂಡದ ‘ಗೌಚೊ’ ಪ್ಲೇಟಿಗೆ ಒಂದು ಡಾಲರ್ ಹೆಚ್ಚಿಸಿ 9.98 ಇಟ್ಟಿತ್ತು. ಹೆಸರುವಾಸಿ ಕಲಾವಿದರಿಗೆ ಹೆಚ್ಚಿನ ಬೆಲೆ ಎಂಬುದು ಅದರ ನೀತಿ. ಪೆಟ್ಟಿ ಅವರ 1981ರ ‘ಹಾರ್ಡ್ ಪ್ರಾಮಿಸಸ್’ಗೂ ಅದೇ ಬೆಲೆ ಎಂದಾಗ ಅವರು ಒಪ್ಪಲಿಲ್ಲ. ಪ್ಲೇಟಿಗೆ ‘8.98’ ಎಂದೇ ಹೆಸರಿಡುತ್ತೇನೆ ಎಂದು ಪಟ್ಟು ಹಿಡಿದರು. ಕಂಪನಿ ಬಗ್ಗಿತು, ಪ್ಲೇಟು 8.98ಕ್ಕೇ ಬಂತು. ಕೇಳುಗರ ಜೇಬಿನ ಪರವಾಗಿ ಕಲಾವಿದನೊಬ್ಬ ಹೀಗೆ ನಿಂತದ್ದನ್ನು ನಾವು ಗೌರವದಿಂದ ನೆನೆಯುತ್ತೇವೆ.

ಪ್ರಶ್ನೆ: ಮಗಳು ಕಳಿಸಿದ ಪ್ಲೇಟುಗಳಲ್ಲಿ ಮೂರು ಕವರುಗಳ ಮೂಲೆ ಕತ್ತರಿಸಿದೆ, ಒಂದಕ್ಕೆ ತೂತು ಕೊರೆದಿದೆ. ಹಾಳಾದ ಮಾಲೇ? (ದಾವಣಗೆರೆಯ ಓದುಗರು)

ಉತ್ತರ: ಹಾಳಾದದ್ದಲ್ಲ. ಅಲ್ಲಿ ಇವಕ್ಕೆ ಕಟ್‌ಔಟ್ ಎನ್ನುತ್ತಾರೆ. ನಮ್ಮ ಸಿನಿಮಾ ಮಂದಿರದ ಮುಂದೆ ನಿಲ್ಲಿಸುವ ಕಟ್‌ಔಟ್ ಬೇರೆ; ಇದು ಕಂಪನಿಯ ಮಾರಾಟಪಟ್ಟಿಯಿಂದ ಕತ್ತರಿಸಿ ತೆಗೆದ ಪ್ಲೇಟು. ಮಾರಾಟವಾಗದೆ ಉಳಿದ ಮಾಲನ್ನು ಅಂಗಡಿಗಳು ಕಂಪನಿಗೆ ಹಿಂದಿರುಗಿಸಬಹುದಿತ್ತು. ಕಂಪನಿ ಅದನ್ನು ಸಗಟು ವ್ಯಾಪಾರಿಗಳಿಗೆ ಸಿಕ್ಕಷ್ಟಕ್ಕೆ ಮಾರುತ್ತಿತ್ತು. ಅದೇ ಪ್ಲೇಟನ್ನು ಯಾರೂ ಮತ್ತೆ ಪೂರ್ತಿ ಬೆಲೆಗೆ ಕಂಪನಿಗೇ ಹಿಂದಿರುಗಿಸದಂತೆ ಮೂಲೆ ಕತ್ತರಿಸುವುದು, ಗರಗಸದಿಂದ ಅಂಚಿಗೆ ಸೀಳು ಕೊಡುವುದು, ತೂತು ಹೊಡೆಯುವುದು. ಅಂಗಡಿಯಲ್ಲಿ ಇವು ಒಂದರಿಂದ ಮೂರು ಡಾಲರಿನೊಳಗೆ ಸಿಗುತ್ತಿದ್ದವು. ಈ ಮಾರಾಟದಿಂದ ಕಲಾವಿದರಿಗೆ ಸಾಮಾನ್ಯವಾಗಿ ರಾಯಧನ ಸಿಗುತ್ತಿರಲಿಲ್ಲ ಎಂಬುದು ಬೇಸರದ ಸಂಗತಿ.

ತೂತಿರುವ ಕವರಿನ ಪ್ಲೇಟನ್ನು ಮಾತ್ರ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಕಟ್ಟುಕಟ್ಟಾಗಿ ಇಟ್ಟು ಕೊರೆಯುತ್ತಿದ್ದುದರಿಂದ ಕೆಲವೊಮ್ಮೆ ತೂತು ನಡುವಿನ ಲೇಬಲ್ಲನ್ನೂ ದಾಟಿರುತ್ತದೆ. ಲೇಬಲ್ಲಿನ ಮೇಲೆ ಮಾತ್ರ ಇದ್ದರೆ ಹಾಡಿಗೆ ತೊಂದರೆಯಿಲ್ಲ. ಗೀರುಗಳಿರುವ ಜಾಗಕ್ಕೆ ತಾಗಿದ್ದರೆ ಮುಳ್ಳು ಇಡಲೇಬೇಡಿ, ಮುಳ್ಳಿನ ತುದಿ ಮುರಿದೀತು.

ಪ್ರಶ್ನೆ: ಒಂದು ಸೆಂಟಿಗೆ ಹತ್ತು ಹನ್ನೆರಡು ಪ್ಲೇಟು ಕೊಡುತ್ತಿದ್ದರು ಎಂಬುದು ನಿಜವೇ? (ಬಳ್ಳಾರಿಯ ಓದುಗರು)

ಉತ್ತರ: ಜಾಹೀರಾತು ನಿಜ, ಷರತ್ತು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತಿತ್ತು. ಕೊಲಂಬಿಯಾ 1955ರಲ್ಲಿ ಅಂಚೆ ಮೂಲಕ ಪ್ಲೇಟು ಕಳಿಸುವ ಕ್ಲಬ್ ಶುರು ಮಾಡಿತು. ಮೊದಲ ಕಂತಿನ ಪ್ಲೇಟುಗಳಿಗೆ ಒಂದು ಸೆಂಟ್ ಮಾತ್ರ, ಆದರೆ ಆಮೇಲೆ ಇಂತಿಷ್ಟು ಪ್ಲೇಟುಗಳನ್ನು ಕ್ಲಬ್ಬಿನ ಪೂರ್ಣ ಬೆಲೆಗೆ ಕೊಳ್ಳಲೇಬೇಕು. ಹದಿಮೂರು ಪ್ಲೇಟು ಒಂದು ಸೆಂಟಿಗೆ, ನಂತರ ಎಂಟು ಪ್ಲೇಟು 8.98ರಂತೆ ಎಂದಿಟ್ಟುಕೊಳ್ಳಿ. ಒಟ್ಟು 71.85 ಡಾಲರಿಗೆ 21 ಪ್ಲೇಟು, ಒಂದಕ್ಕೆ 3.42. ಮೇಲೆ ಸಾಗಾಟದ ಖರ್ಚು. ಅಷ್ಟಾದರೂ ಕೆಟ್ಟ ವ್ಯವಹಾರವಲ್ಲ. ಜನ ಸಿಕ್ಕಿಬೀಳುತ್ತಿದ್ದದ್ದು ಬೇರೆ ಕಡೆ: ಆಯಾ ಕಂತಿನ ಪ್ಲೇಟು ಬೇಡವಾದರೆ ಗಡುವಿನೊಳಗೆ ಕಾರ್ಡು ಬರೆದು ತಿಳಿಸಬೇಕಿತ್ತು. ಮರೆತರೆ ಪ್ಲೇಟೂ ಬಿಲ್ಲೂ ಮನೆ ಬಾಗಿಲಿಗೆ ಬರುತ್ತಿದ್ದವು.

ಪ್ರಶ್ನೆ: ಎಲ್‌ಪಿಗಿಂತ ಮೊದಲಿನ 78ರ ಪ್ಲೇಟುಗಳ ಬೆಲೆ? (ಚನ್ನಪಟ್ಟಣದ ಓದುಗರು)

ಉತ್ತರ: ಅಲ್ಲಿ ಗಾಯಕರ ಅಂತಸ್ತಿಗೆ ತಕ್ಕ ಬೆಲೆ. ವಿಕ್ಟರ್ ಕಂಪನಿ 1908ರಲ್ಲಿ ಎನ್ರಿಕೊ ಕರೂಸೊ ಮತ್ತು ಇತರ ಐವರು ಹಾಡಿದ ಒಪೆರಾ ಭಾಗವೊಂದನ್ನು ಏಳು ಡಾಲರಿಗೆ ಮಾರಿತು. ಒಂದೇ ಪ್ಲೇಟು, ಅದೂ ಒಂದೇ ಮಗ್ಗುಲು, ಇನ್ನೊಂದು ಕಡೆ ಖಾಲಿ! ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿ ದೇಶವನ್ನೇ ಬೆರಗುಗೊಳಿಸಿದ್ದು ಇದಾದ ಆರು ವರ್ಷದ ಮೇಲೆ, 1914ರಲ್ಲಿ. ಅದೇ 1908ರಲ್ಲಿ ಕೊಲಂಬಿಯಾದ ಎರಡೂ ಮಗ್ಗುಲಿನ ಸಾಮಾನ್ಯ ಪ್ಲೇಟಿಗೆ 65 ಸೆಂಟ್. ಆರ್ಥಿಕ ಕುಸಿತದ ಕಾಲದಲ್ಲಿ, 1934ರಲ್ಲಿ, ಡೆಕ್ಕಾ ಕಂಪನಿ ಬಿಂಗ್ ಕ್ರಾಸ್ಬಿಯಂಥವರ ಹಾಡುಗಳನ್ನೇ 35 ಸೆಂಟಿಗೆ ಕೊಟ್ಟಿತು. ಉಳಿದವರ ಬೆಲೆ ಆಗ 75.

ನೀವು ಚನ್ನಪಟ್ಟಣದವರಾದ್ದರಿಂದ ಇದನ್ನೂ ಹೇಳಬೇಕು. ಈ ಪ್ಲೇಟುಗಳ ಬಂಧಕ ವಸ್ತು ಅರಗು. ನಿಮ್ಮೂರಿನ ಬೊಂಬೆಗಳಿಗೆ ಮೆರುಗು ಕೊಡುವ ಅದೇ ಅರಗು, ಅಮೆರಿಕಕ್ಕೆ ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ಯುದ್ಧದಿಂದ ಹಡಗು ಸಂಚಾರಕ್ಕೆ ಅಡ್ಡಿಯಾದಾಗ, 1942ರಲ್ಲಿ, ಅಲ್ಲಿಯ ಸರಕಾರ ಪ್ಲೇಟಿಗೆ ಬಳಸುವ ಅರಗನ್ನು ನೂರಕ್ಕೆ 70ರಷ್ಟು ಕಡಿತ ಮಾಡಿತು. ಹಳೆಯ ಪ್ಲೇಟು ತಂದುಕೊಡಿ ಎಂದು ಅಂಗಡಿಗಳು ಗಿರಾಕಿಗಳನ್ನು ಕೇಳತೊಡಗಿದವು. ಅವನ್ನು ಪುಡಿ ಮಾಡಿ ಹೊಸದಕ್ಕೆ ಬೆರೆಸುತ್ತಿದ್ದರು. ಆ ವರ್ಷಗಳ ಪ್ಲೇಟುಗಳಲ್ಲಿ ಕರಕರ ಸದ್ದು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಡಾಲರ್ ಬೆಲೆಯನ್ನು ಆಗಿನ ರೂಪಾಯಿಗೆ ತಿರುಗಿಸುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: 1949ರ ಸೆಪ್ಟೆಂಬರಿನಿಂದ 1966ರ ಜೂನ್ 5ರವರೆಗೆ ಡಾಲರಿಗೆ 4.76 ರೂಪಾಯಿ ಹಿಡಿಯಿರಿ, ಜೂನ್ 6ರ ಅಪಮೌಲ್ಯದ ನಂತರದ ಕೆಲವು ವರ್ಷಗಳಿಗೆ 7.50. 1955ರ 3.98 ಡಾಲರ್ ಎಂದರೆ 18.94 ರೂಪಾಯಿ. ಆಗಿನ್ನೂ ಆಣೆಯ ಕಾಲ, ಹದಿನೆಂಟು ರೂಪಾಯಿ ಹದಿನೈದಾಣೆ ಎನ್ನಬೇಕು. ಅದೇ 3.98 ಅಪಮೌಲ್ಯದ ಮರುದಿನ 29.85 ರೂಪಾಯಿ. ಇದು ಬರೀ ನಾಣ್ಯದ ಲೆಕ್ಕ, ಇಲ್ಲಿಯ ಅಂಗಡಿ ಬೆಲೆಯಲ್ಲ. ನಮ್ಮ ಎಚ್‌ಎಂವಿ ಪ್ಲೇಟುಗಳು ಕಲ್ಕತ್ತೆಯ ದಂ ದಂ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದವು, ಅವುಗಳ ಬೆಲೆಗೂ ಡಾಲರಿಗೂ ನೇರ ಸಂಬಂಧವಿಲ್ಲ.

ಪ್ರಶ್ನೆ: ಹಳೆಯ ಬೆಲೆ ಚೀಟಿಯನ್ನು ಕವರು ಹರಿಯದಂತೆ ತೆಗೆಯುವುದು ಹೇಗೆ? (ಮಂಗಳೂರಿನ ಓದುಗರು)

ಉತ್ತರ: ನಮ್ಮನ್ನು ಕೇಳಿದರೆ ತೆಗೆಯಬೇಡಿ. ಅಂಗಡಿಯ ಹೆಸರು, ಬೆಲೆ ಇರುವ ಚೀಟಿ ಆ ಪ್ಲೇಟಿನ ಜಾತಕ ಇದ್ದಂತೆ. ತೆಗೆಯಲೇಬೇಕಾದರೆ ಮೊದಲು ಫೋಟೊ ತೆಗೆದಿಡಿ. ನಂತರ ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು ಬೇರೆ ಕೋಣೆಯಲ್ಲಿ ನಿಲ್ಲಿಸಿ. ವಿನೈಲ್ 60-70 ಡಿಗ್ರಿಯಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಅರ್ಧ ನಿಮಿಷ ಆಡಿಸಿ. ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮೇಲಕ್ಕೆ ಎಳೆಯದೆ ಕವರಿಗೆ ಒರಗಿದಂತೆ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ. ಬಿಗಿ ಅನಿಸಿದರೆ ನಿಲ್ಲಿಸಿ ಮತ್ತೆ ಬಿಸಿ ಮಾಡಿ. ಉಳಿದ ಅಂಟಿಗೆ ಹತ್ತಿಯ ತುದಿಯಲ್ಲಿ ಒಂದೇ ಹನಿ ಸಿಗರೇಟ್ ಲೈಟರಿನ ದ್ರವ, ಅದೂ ಡ್ರೈಯರ್ ಆರಿಸಿ, ಕಿಟಕಿ ತೆರೆದು, ಹತ್ತಿರ ಬೆಂಕಿ ಇಲ್ಲದಾಗ. ಅಮೆರಿಕದ ಕವರುಗಳಲ್ಲಿ ಬಹಳಷ್ಟಕ್ಕೆ ಮೇಲೆ ಪ್ಲಾಸ್ಟಿಕ್ ಲೇಪ ಇರುವುದಿಲ್ಲ, ಕಾಗದ ದ್ರವವನ್ನು ಹೀರಿ ಕಲೆಯಾಗಬಹುದು. ಹಾಗಾಗಿ ಮೊದಲು ಕವರಿನ ಒಳಮಡಿಕೆಯ ಮೇಲೆ ಪರೀಕ್ಷಿಸಿ. ಚೀಟಿ ಕವರಿಗೆ ಅಂಟದೆ ಹೊರಗಿನ ಪ್ಲಾಸ್ಟಿಕ್ ಹಾಳೆಗೆ ಮಾತ್ರ ಅಂಟಿದ್ದರೆ ಕೆಲಸ ಸುಲಭ: ಹಾಳೆಯನ್ನು ಅಷ್ಟಗಲ ಕತ್ತರಿಸಿ, ಚೀಟಿ ಸಮೇತ ಕವರಿನೊಳಗೆ ಇಟ್ಟುಬಿಡಿ.